ಪಟದ ಮೇಲಿನ ಬೆಳಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳೆಯ ಮನೆಗಳ ಜಗಲಿಯಲ್ಲಿ ಹಿರಿಯರ ದೊಡ್ಡ ಪಟ ತೂಗುಹಾಕುವುದು ರೂಢಿ. ಕೆಲವೆಡೆ ಪಕ್ಕದಲ್ಲೇ 1954ರಲ್ಲಿ ಬ್ರಹ್ಮೀಭೂತರಾದ ಶೃಂಗೇರಿಯ ಶ್ರೀ ಚಂದ್ರಶೇಖರ ಭಾರತೀ ಸ್ವಾಮಿಗಳ ಪಟವೂ ಇರುತ್ತದೆ. ಹಗಲು ಗಾಜಿನ ಹೆಂಚಿನಿಂದಿಳಿದ ಬಿಸಿಲು, ಸಂಜೆ ಸೀಮೆಎಣ್ಣೆ ಲಾಟೀನು, ಇವೇ ಅವುಗಳ ಬೆಳಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ತಲುಪಿತು. ನಮ್ಮ ತೋಟದ ನಡುವಿನ ಒಂಟಿಮನೆಗೆ ಕರೆಂಟು ಬಂದದ್ದು ನಾನು ಶಾಲೆಗೆ ಹೋಗುತ್ತಿದ್ದಾಗ.

ಅಮ್ಮ ಮೊದಲ ಟ್ಯೂಬ್‌ಲೈಟನ್ನು ತೀರಿಹೋದ ಅಪ್ಪಯ್ಯನ ಪಟದ ಎದುರು ಗೋಡೆಗೆ ಹಾಕಿಸಿದಳು. ಆಮೇಲೆ ದಿನವೂ ಪಟದ ಪಕ್ಕಕ್ಕೆ ಸರಿದು ಓರೆಯಾಗಿ ನಿಂತು ನೋಡುವಳು. ಮೊಣಕಾಲು ನೋವೇನೋ ಎಂದುಕೊಂಡಿದ್ದೆ. ಒಂದು ಸಂಜೆ ನೇರ ನಿಂತು ನೋಡಿದೆ: ಗಾಜಿನ ತುಂಬ ಟ್ಯೂಬ್‌ಲೈಟೇ, ಅಪ್ಪಯ್ಯನ ಮುಖವಿಲ್ಲ!

ಅದು ಕಪ್ಪು ಬಿಳುಪಿನ ಚಿತ್ರಕ್ಕೆ ಕೈಯಲ್ಲಿ ಬಣ್ಣ ಹಚ್ಚಿದ ಪಟ. ಗಾಜಿನ ಹೆಂಚಿನ ಬಿಸಿಲಿಗೆ ಬಣ್ಣ ಮಾಸಿ, ಬೆಳ್ಳಿಯ ಕಪ್ಪು ಛಾಯೆಯಷ್ಟೇ ಉಳಿದಿತ್ತು. ತೋರಿಸುವ ಬೆಳಕೇ ತಿನ್ನುತ್ತದೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಈ ಮಳೆಗಾಲಕ್ಕೆ ಮುಂಚೆ ಪಟವನ್ನು ಬಿಸಿಲು ಬೀಳದ ಗೋಡೆಗೆ ಸರಿಸಿದೆ. ಮೇಲಿನ ತೊಲೆಗೆ ಸಣ್ಣ ಎಲ್‌ಇಡಿ ಕಟ್ಟಿಸಿ, ಬೆಳಕು ಗೋಡೆಗೆ ಸುಮಾರು 30 ಡಿಗ್ರಿ ಓರೆಯಾಗಿ ಇಳಿಯುವಂತೆ ಮಾಡಿಸಿದೆ. ಹಾಗಾದರೆ ಪ್ರತಿಫಲನ ಕಣ್ಣಿಗೆ ಬಾರದೆ ನೆಲದತ್ತ ಹೋಗುತ್ತದೆ. ನೋಡುವಾಗಷ್ಟೇ ದೀಪ.

ಅಮ್ಮ ನೇರ ಎದುರಿಗೆ ಬಂದು ನಿಂತಳು. ಬಹಳ ಹೊತ್ತು ನೋಡಿ, “ಶಾಲು ಕೆಂಪಿತ್ತು ಕಣೇ” ಎಂದಳು.