ಕೆಂಪು ಪ್ರೋಟೀನಿನ ಬೆನ್ನುಹತ್ತಿದ ಪ್ರತಿಕಾಯಗಳು

ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲನ್ನು ಕಾಯಿಸಿದರೆ ಅದು ಗಿಣ್ಣಾಗಿ ಗಟ್ಟಿಕಟ್ಟುತ್ತದೆ. ಆ ಹಾಲಿನಲ್ಲಿ ಪ್ರೋಟೀನು ಮಾಮೂಲಿಗಿಂತ ಹಲವು ಪಟ್ಟು ಹೆಚ್ಚಿರುವುದೇ ಇದಕ್ಕೆ ಕಾರಣ. ಆ ಪ್ರೋಟೀನುಗಳಲ್ಲಿ ಲ್ಯಾಕ್ಟೋಫೆರಿನ್ ಒಂದು. ಗಿಣ್ಣುಹಾಲಿನಲ್ಲಿ ಲೀಟರಿಗೆ ಒಂದು ಗ್ರಾಂ ಆಸುಪಾಸಿನಲ್ಲಿರುವ ಇದು, ದಿನ ಕಳೆದಂತೆ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ತಾಯಿಹಾಲಿನಲ್ಲಂತೂ ಇದು ಧಾರಾಳವಾಗಿದೆ. ಇದರ ಒಂದೊಂದು ಅಣುವೂ ಕಬ್ಬಿಣದ ಎರಡು ಅಯಾನುಗಳನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ ಸಿಗದಿದ್ದರೆ ಬಹುತೇಕ ಬ್ಯಾಕ್ಟೀರಿಯಾಗಳಿಗೆ ಬೆಳೆಯಲಾಗದು. ರೋಗಾಣುವಿನ ಬಾಯಿಂದ ತುತ್ತು ಕಸಿಯುವ ಈ ಪ್ರೋಟೀನು ದೇಹದ ರಕ್ಷಣೆಯ ಮೊದಲ ಸಾಲಿನಲ್ಲಿ ನಿಂತಿದೆ.

ಆದರೆ ಅದು ಎಲ್ಲಿದೆ, ಎಷ್ಟಿದೆ, ಯಾವ ಕೋಶದಿಂದ ಬರುತ್ತದೆ ಎಂಬುದು ಬರಿಗಣ್ಣಿಗೆ ತಿಳಿಯುವ ಮಾತಲ್ಲ. ಗುರಿಯ ಅಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಅಸ್ತ್ರವಾಗಿ ಹಿಡಿದ ಮೇಲೆಯೇ ಅದು ತಿಳಿಯಿತು. ಪ್ರತಿಕಾಯದ ಗುಣಮಟ್ಟ ಎಷ್ಟೋ ಲ್ಯಾಕ್ಟೋಫೆರಿನ್ ಬಗೆಗಿನ ನಮ್ಮ ತಿಳಿವೂ ಅಷ್ಟೇ ಎಂಬುದು ಈ ಚರಿತ್ರೆಯನ್ನು ಓದಿದಷ್ಟೂ ನನಗೆ ಗಟ್ಟಿಯಾಗುತ್ತ ಬಂದ ಮಾತು.

1939ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್ ದಂಪತಿ ಹಸುವಿನ ಹಾಲಿನ ತಿಳಿಯಲ್ಲಿ ಒಂದು ಕೆಂಪು ಪ್ರೋಟೀನನ್ನು ಗುರುತಿಸಿದರು. ಪಿಎಚ್ ಮಾನವನ್ನು ಕೊಟ್ಟ ಸೋರೆನ್ಸನ್ ಇವರಲ್ಲಿ ಪತಿ. ಆ ಕೆಂಪು ಕಬ್ಬಿಣದ್ದು. ಮುಂದಿನ ಎರಡು ದಶಕ ವಿಷಯ ಹೆಚ್ಚು ಮುಂದೆ ಹೋಗಲಿಲ್ಲ. 1960ರಲ್ಲಿ ಅಮೆರಿಕದ ಗ್ರೋವ್ಸ್ ಹಸುವಿನ ಹಾಲಿನಿಂದಲೂ, ಫ್ರಾನ್ಸಿನ ಮೊಂತ್ರಯ್ ಮತ್ತು ಸ್ವೀಡನ್ನಿನ ಯೊಹಾನ್ಸನ್ ತಾಯಿಹಾಲಿನಿಂದಲೂ ಅದನ್ನು ಬೇರ್ಪಡಿಸಿದರು. ಶುದ್ಧ ಪ್ರೋಟೀನು ಕೈಗೆ ಬಂತೆಂದರೆ ಅದನ್ನು ಮೊಲಕ್ಕೆ ಚುಚ್ಚಿ, ಅದರ ರಕ್ತದಿಂದ ಪ್ರತಿಕಾಯ ತುಂಬಿದ ಸೀರಂ ಪಡೆಯಬಹುದು. ದಾರಿ ತೆರೆದದ್ದು ಅಲ್ಲಿಂದ.

ಆ ಕಾಲದ ಮುಖ್ಯ ಸಾಧನ ಸ್ವೀಡನ್ನಿನ ಊಕ್ಟರ್‌ಲೋನಿ 1940ರ ದಶಕದ ಕೊನೆಗೆ ರೂಪಿಸಿದ ಅಗಾರ್ ತಟ್ಟೆ. ಗಾಜಿನ ಮೇಲೆ ತೆಳ್ಳಗೆ ಹೆಪ್ಪುಗಟ್ಟಿದ ಅಗಾರ್, ನಡುವೆ ಒಂದು ಕುಳಿ, ಸುತ್ತ ಐದಾರು ಕುಳಿಗಳು. ನಡುವಿನ ಕುಳಿಗೆ ಮೊಲದ ಸೀರಂ. ಸುತ್ತಲಿನವಕ್ಕೆ ಹಾಲು, ಕಣ್ಣೀರು, ಜೊಲ್ಲು, ಶ್ವಾಸನಾಳದ ಲೋಳೆ. ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಿಗ್ಗೆ ಬೆಳಕಿಗೆ ಓರೆಯಾಗಿ ಹಿಡಿದರೆ, ಎರಡೂ ಕಡೆಯಿಂದ ಹರಿದುಬಂದ ಪ್ರತಿಕಾಯ ಮತ್ತು ಪ್ರೋಟೀನು ಸೇರಿದೆಡೆ ಕೂದಲೆಳೆಯಂಥ ಬಿಳಿ ಗೆರೆ ಕಾಣುತ್ತದೆ. ಅಕ್ಕಪಕ್ಕದ ಕುಳಿಗಳ ಗೆರೆಗಳು ಕೊಕ್ಕೆ ಬಿಡದೆ ಒಂದಕ್ಕೊಂದು ಬೆಸೆದುಕೊಂಡರೆ, ಪ್ರತಿಕಾಯದ ಲೆಕ್ಕಕ್ಕೆ ಎರಡರಲ್ಲೂ ಇರುವುದು ಒಂದೇ ಪ್ರೋಟೀನು.

ಬೆಲ್ಜಿಯಂನ ಲೂವೆನ್‌ನಲ್ಲಿ ಮಾಸೋಂ ಮತ್ತು ಹೆರೆಮಾನ್ಸ್ ಪ್ರತಿಕಾಯಗಳನ್ನು ಹಿಡಿದು ಹುಡುಕುತ್ತ ಹೋದರು. 1966ರಲ್ಲಿ, ಹಾಲಿನ ಈ ಪ್ರೋಟೀನು ದೇಹ ಹೊರಸೂಸುವ ಹತ್ತು ಹಲವು ದ್ರವಗಳಲ್ಲೂ ಇದೆಯೆಂದು ತೋರಿಸಿದರು. 1969ರಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಬಂತು: ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಒಳಗೂ ಅದೇ ಪ್ರೋಟೀನು! ಮರುವರ್ಷ ಬಾಜಿಯೊಲಿನಿ ಮತ್ತು ದ ದ್ಯೂವ್ ಜೊತೆಗೂಡಿ, ಮೊಲದ ಬಿಳಿಕಣಗಳಲ್ಲಿ ಅದು ನೆಲೆಸಿರುವುದು ಒಂದು ನಿರ್ದಿಷ್ಟ ಬಗೆಯ ಕಣಿಕೆಗಳಲ್ಲಿ ಎಂದು ಸ್ಥಾಪಿಸಿದರು. ಹಾಲಿನ ರಸಾಯನಶಾಸ್ತ್ರಕ್ಕೆ ಸೇರಿದ್ದ ವಸ್ತುವೊಂದು ನಾಲ್ಕೇ ವರ್ಷದಲ್ಲಿ ರೋಗರಕ್ಷಣಾ ಶಾಸ್ತ್ರದ ಆಸ್ತಿಯಾಯಿತು. ಈ ಕ್ಷೇತ್ರದಲ್ಲಿ ಮುಂದೆ ಬಂದ ಯಾವ ಹೆಜ್ಜೆಯನ್ನೂ ಇದಕ್ಕೆ ಸಮನೆಂದು ನಾನು ಎಣಿಸಲಾರೆ.

ಆಗಲೇ ಎದುರಾದ ತೊಡಕು ಇಂದಿಗೂ ಪೂರ್ತಿ ಬಿಟ್ಟಿಲ್ಲ. ರಕ್ತದಲ್ಲಿ ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಇದರ ದಾಯಾದಿ. ಮನುಷ್ಯರಲ್ಲಿ ಎರಡರ ಅಮೈನೋ ಆಮ್ಲಗಳ ಸರಣಿ ಸುಮಾರು 60 ಪ್ರತಿಶತ ಒಂದೇ. ಮನುಷ್ಯನ ಮತ್ತು ಹಸುವಿನ ಲ್ಯಾಕ್ಟೋಫೆರಿನ್‌ಗಳ ನಡುವಿನ ಹೋಲಿಕೆ ಇನ್ನೂ ಹೆಚ್ಚು, 70 ಪ್ರತಿಶತದ ಹತ್ತಿರ. ಒಂದಕ್ಕೆ ಬೆಳೆಸಿದ ಪ್ರತಿಕಾಯ ಇನ್ನೊಂದಕ್ಕೂ ಅಂಟಿಕೊಂಡರೆ ಅಚ್ಚರಿಯಿಲ್ಲ. ಸಾಲದ್ದಕ್ಕೆ ಲ್ಯಾಕ್ಟೋಫೆರಿನ್ ಧನ ವಿದ್ಯುದಾವೇಶ ತುಂಬಿದ ಪ್ರೋಟೀನು. ಡಿಎನ್ಎ, ಹೆಪಾರಿನ್, ಬ್ಯಾಕ್ಟೀರಿಯಾದ ಹೊರಪೊರೆಗೆಲ್ಲ ಅದಾಗಿಯೇ ಹೋಗಿ ಅಂಟುತ್ತದೆ. ಒಂದು ಕೋಶದ ಮೇಲೆ ಅದು ಕಂಡಿತೆಂದ ಮಾತ್ರಕ್ಕೆ ಆ ಕೋಶವೇ ಅದನ್ನು ತಯಾರಿಸಿತು ಎನ್ನುವಂತಿಲ್ಲ.

ಪ್ರತಿಕಾಯ ಬಳಸಿ ಪ್ರೋಟೀನಿನ ಪ್ರಮಾಣ ಹೇಳುವ, 1971ರಲ್ಲಿ ಬಂದ ಎಲೈಸಾ ವಿಧಾನದಿಂದ ಅಳತೆ ಸಲೀಸಾಯಿತು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯ ಮೊನೊಕ್ಲೋನಲ್ ಪ್ರತಿಕಾಯಗಳನ್ನು ಬೆಳೆಸುವುದನ್ನು ಕಲಿಸಿದರು. 1979ರ ಹೊತ್ತಿಗೆ, ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಟ್ಟ ಪ್ರೋಟೀನುಗಳನ್ನು ಪ್ರತಿಕಾಯದಿಂದ ಗುರುತಿಸುವ ಬ್ಲಾಟ್ ವಿಧಾನವೂ ಸೇರಿ, ಜೆಲ್‌ನಲ್ಲಿ ಸುಮಾರು 80 ಕಿಲೋಡಾಲ್ಟನ್ ಎತ್ತರದ ಪಟ್ಟಿ ಲ್ಯಾಕ್ಟೋಫೆರಿನ್‌ನ ಗುರುತಾಯಿತು. 1987ರಲ್ಲಿ ನ್ಯೂಜಿಲೆಂಡಿನ ಎಡ್ವರ್ಡ್ ಬೇಕರ್ ತಂಡ ಅದರ ಸ್ಫಟಿಕ ರಚನೆಯನ್ನು ಬಿಡಿಸಿಟ್ಟಿತು: ಎರಡು ಹಾಲೆಗಳು, ಒಂದೊಂದರಲ್ಲೂ ಕಬ್ಬಿಣ ಕೂರುವ ಒಂದು ಸೀಳು, ಕಬ್ಬಿಣ ಬಂದಾಗ ಹಾಲೆ ಮುಚ್ಚಿಕೊಳ್ಳುತ್ತದೆ. ಹೀಗೆ ಆಕಾರ ಬದಲಿಸುವ ಜಾಗವನ್ನೇ ಗುರಿಯಿಟ್ಟ ಪ್ರತಿಕಾಯ ಕಬ್ಬಿಣವಿರುವ ರೂಪವನ್ನು ಹಿಡಿದು, ಇಲ್ಲದ್ದನ್ನು ಬಿಟ್ಟುಬಿಡಬಹುದು.

ರಕ್ತದಲ್ಲಿ ಅಳೆಯಹೊರಟವರು ಕಲಿತ ಪಾಠ ಬೇರೆ. ರಕ್ತ ತೆಗೆದ ಕೊಳವೆ ಮೇಜಿನ ಮೇಲೆ ಸುಮ್ಮನೆ ನಿಂತಿದ್ದರೂ, ಹೆಪ್ಪುಗಟ್ಟುವ ಹೊತ್ತಿಗೆ ನ್ಯೂಟ್ರೋಫಿಲ್‌ಗಳು ತಮ್ಮ ಕಣಿಕೆಗಳನ್ನು ಚೆಲ್ಲತೊಡಗುತ್ತವೆ. ಪ್ರತಿಕಾಯ ಎಷ್ಟೇ ಒಳ್ಳೆಯದಿರಲಿ, ಆಗ ಅದು ಅಳೆಯುವುದು ರೋಗಿಯ ದೇಹದಲ್ಲಿದ್ದುದನ್ನಲ್ಲ, ಕೊಳವೆಯೊಳಗೆ ಸೋರಿದ್ದನ್ನು. ಆದ್ದರಿಂದಲೇ ಹೆಪ್ಪುಗಟ್ಟದಂತೆ ತಡೆದು, ಬೇಗನೆ ಪ್ಲಾಸ್ಮಾ ಬೇರ್ಪಡಿಸಬೇಕು.

ಅದೇ ಚೆಲ್ಲುವ ಗುಣ ಕರುಳಿನ ರೋಗಪತ್ತೆಗೆ ವರವಾಯಿತು. ಭೇದಿಯಾದವರ ಮಲದಲ್ಲಿ ಬಿಳಿಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವಷ್ಟರಲ್ಲಿ ಅವು ಒಡೆದುಹೋಗಿರುತ್ತವೆ. ಒಳಗಿದ್ದ ಲ್ಯಾಕ್ಟೋಫೆರಿನ್ ಮಾತ್ರ ಅಷ್ಟು ಬೇಗ ಹಾಳಾಗದು. 1992ರಲ್ಲಿ ಅಮೆರಿಕದ ಗೆರಂಟ್ ಮತ್ತು ಸಂಗಡಿಗರು ಪ್ರತಿಕಾಯ ಲೇಪಿಸಿದ ಲೇಟೆಕ್ಸ್ ಮಣಿಗಳಿಂದ ಅದನ್ನು ಪತ್ತೆಹಚ್ಚಿ ತೋರಿಸಿದರು. ಇಂದು ಕರುಳಿನ ಉರಿಯೂತವನ್ನು ಬರಿಯ ಕರುಳಿನ ಕಿರಿಕಿರಿಯಿಂದ ಬೇರೆ ಮಾಡಿ ನೋಡಲು ವೈದ್ಯರು ಈ ಪರೀಕ್ಷೆಯನ್ನು ಬಳಸುತ್ತಾರೆ. ಆದರೆ ಮೊಲೆಹಾಲು ಕುಡಿಯುವ ಕೂಸಿನ ಮಲದಲ್ಲಿ ತಾಯಿಯ ಲ್ಯಾಕ್ಟೋಫೆರಿನ್ನೇ ತುಂಬಿರುವುದರಿಂದ ಅಲ್ಲಿ ಇದು ಕೆಲಸಕ್ಕೆ ಬಾರದು. ಕೆಚ್ಚಲುಬಾವು ಬಂದ ಹಸುವಿನ ಹಾಲಿನಲ್ಲೂ ಇದರ ಮಟ್ಟ ಏರುತ್ತದೆ. ಅದನ್ನು ಅಳೆಯಲು ಹಸುವಿನ ಲ್ಯಾಕ್ಟೋಫೆರಿನ್‌ಗೆಂದೇ ಮಾಡಿದ ಎಲೈಸಾಗಳಿವೆ.

ಎಲ್ಲ ಭರವಸೆಗಳೂ ನಿಲ್ಲಲಿಲ್ಲ. ಜೊಲ್ಲಿನ ಲ್ಯಾಕ್ಟೋಫೆರಿನ್ ಅಳೆದು ಆಲ್ಝೈಮರ್ ರೋಗವನ್ನು ಗುರುತಿಸಬಹುದೆಂದು 2017ರಲ್ಲಿ ಸ್ಪೇನಿನ ಸಂಶೋಧಕರು ವರದಿ ಮಾಡಿದಾಗ ದೊಡ್ಡ ಆಸೆ ಹುಟ್ಟಿತು. 2021ರಲ್ಲಿ ಡೆನ್ಮಾರ್ಕಿನ ತಂಡವೊಂದು ರೋಗಿಗಳಿಗೂ ಉಳಿದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲವೆಂದಿತು. ಎಲೈಸಾ ಅಂಕಿ ಹೇಳುತ್ತದೆ. ಅದನ್ನು ನಂಬಲು ಎರಡನೆಯ ಪ್ರಯೋಗಾಲಯವೂ ಬೇಕು.

ಪ್ರತಿಕಾಯಗಳ ವಿಶ್ವಾಸಾರ್ಹತೆಯ ಬಗ್ಗೆ ಜಗತ್ತಿನಾದ್ಯಂತ ಚರ್ಚೆ ಎದ್ದ ಮೇಲೆ, 2016ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಅವುಗಳನ್ನು ಒರೆಗೆ ಹಚ್ಚಲು ಐದು ದಾರಿಗಳನ್ನು ಸೂಚಿಸಿತು. ಗುರಿ ಪ್ರೋಟೀನಿನ ಜೀನನ್ನೇ ತೆಗೆದ ಅಥವಾ ತಗ್ಗಿಸಿದ ಕೋಶಗಳಲ್ಲಿ ಪರೀಕ್ಷಿಸುವುದು ಅವುಗಳಲ್ಲಿ ಒಂದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಖಚಿತವಾದದ್ದು. ಲ್ಯಾಕ್ಟೋಫೆರಿನ್ ಜೀನ್ ಇಲ್ಲದ ಇಲಿಗಳನ್ನು 2003ರಲ್ಲೇ ಬೆಳೆಸಲಾಗಿದೆ. ಈ ಕೆಲಸಕ್ಕೆ ಇಳಿಯುವ ನಮ್ಮ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಹೊಸ ಪ್ರತಿಕಾಯದ ಸೀಸೆ ಕೈಗೆ ಬಂದಾಗ ಜೆಲ್‌ನ ಮೊದಲ ಸಾಲಿಗೆ ಲ್ಯಾಕ್ಟೋಫೆರಿನ್ ಇಲ್ಲದ ಮಾದರಿಯನ್ನು, ಎರಡನೆಯದಕ್ಕೆ ಟ್ರಾನ್ಸ್‌ಫೆರಿನ್ ಹಾಕಿ ನೋಡಿ. ಪ್ರಬಂಧದಲ್ಲಿ ಆ ಸೀಸೆಯ ಬ್ಯಾಚ್ ಸಂಖ್ಯೆಯನ್ನು ತಪ್ಪದೆ ಬರೆಯಿರಿ.