ಇಬ್ಬರು ಕಾವಲುಗಾರರು ಮತ್ತು ಮಹಾವೀರಾಚಾರ್ಯರ 25 ಮಾತುಗಳು

ಎರಡು ಬಾಗಿಲುಗಳು, ಪ್ರತಿಯೊಂದರ ಮುಂದೆ ಒಬ್ಬೊಬ್ಬ ಕಾವಲುಗಾರ. ಒಂದು ಬಾಗಿಲು ಬಿಡುಗಡೆಯದು, ಇನ್ನೊಂದು ಮರಣದ್ದು. ಕಾವಲುಗಾರರಲ್ಲಿ ಒಬ್ಬನು ಸದಾ ಸತ್ಯವನ್ನೇ ನುಡಿಯುವವನು, ಮತ್ತೊಬ್ಬನು ಸದಾ ಸುಳ್ಳನ್ನೇ ನುಡಿಯುವವನು. ಯಾರು ಎಂಥವನೆಂಬುದು ನೋಟಕ್ಕೆ ತಿಳಿಯದು. ಸೆರೆಯಾಳು ಒಬ್ಬನನ್ನು ಮಾತ್ರ, ಒಂದೇ ಒಂದು ಪ್ರಶ್ನೆ ಕೇಳಬಹುದು. ಈ ಒಗಟನ್ನು ನಮ್ಮ ಮನೆಗಳ ಮಕ್ಕಳು ಎಲ್ಲಿಂದಲೋ ಕಲಿತು ಬಂದು ಹಿರಿಯರ ಮುಂದೆ ಇಡುವುದುಂಟು.

ಉತ್ತರ ಹೀಗಿದೆ: ಇಬ್ಬರಲ್ಲಿ ಯಾರನ್ನಾದರೂ, "ಬಿಡುಗಡೆಯ ಬಾಗಿಲು ಯಾವುದೆಂದು ಆ ಇನ್ನೊಬ್ಬನನ್ನು ಕೇಳಿದರೆ ಅವನು ಯಾವುದನ್ನು ತೋರಿಸುತ್ತಾನೆ?" ಎಂದು ಕೇಳಬೇಕು. ಕೇಳಿಸಿಕೊಂಡವನು ಸತ್ಯವಂತನಾದರೆ ಸುಳ್ಳುಗಾರನ ಸುಳ್ಳನ್ನು ಇದ್ದಂತೆಯೇ ಹೇಳುತ್ತಾನೆ. ಸುಳ್ಳುಗಾರನಾದರೆ ಸತ್ಯವಂತನ ಸತ್ಯವನ್ನು ತಿರುಚಿ ಹೇಳುತ್ತಾನೆ. ಎರಡು ರೀತಿಯಲ್ಲಿಯೂ ತೋರಿಸಲ್ಪಡುವುದು ಮರಣದ ಬಾಗಿಲೇ. ಆದುದರಿಂದ ತೋರಿಸಿದ್ದನ್ನು ಬಿಟ್ಟು ಉಳಿದುದರಲ್ಲಿ ಹೋಗತಕ್ಕದ್ದು. ಯಾರ ಮಾತನ್ನು ಮೊದಲು ಹಿಡಿದರೂ ಲೆಕ್ಕದಲ್ಲಿ ಸುಳ್ಳು ಒಂದೇ ಒಂದು ಸಲ ಬರುತ್ತದೆ. ಒಂದೇ ಸಲ ಬರುವುದು ಖಚಿತವಾದ್ದರಿಂದ ಅದನ್ನು ಕಳೆದುಬಿಡಬಹುದು. ಜಮಾಖರ್ಚು ಬಲ್ಲವರಿಗೆ ಇದು ಕಷ್ಟವಾಗದು.

ಈ ಬಗೆಯ ಸತ್ಯವಂತ–ಸುಳ್ಳುಗಾರ ಸಮಸ್ಯೆಗಳು ಪಶ್ಚಿಮದಲ್ಲಿ ಹೆಚ್ಚು ಹಳೆಯವಲ್ಲ. ಅಮೆರಿಕದ ತತ್ತ್ವಶಾಸ್ತ್ರಜ್ಞ ನೆಲ್ಸನ್ ಗುಡ್‌ಮನ್ ಅವರದೊಂದು 1931ರಲ್ಲಿ ಬಾಸ್ಟನ್ ನಗರದ ಪತ್ರಿಕೆಯಲ್ಲಿ ಬಂದಿತು. ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲಿಯನ್ ಅವರು 1978ರಲ್ಲಿ ಇಂಥ ಒಗಟುಗಳದೇ ಒಂದು ಪುಸ್ತಕವನ್ನು ಪ್ರಕಟಿಸಿ ಅವನ್ನು ಮನೆಮಾತಾಗಿಸಿದರು. 1986ರ ಒಂದು ಇಂಗ್ಲಿಷ್ ಚಲನಚಿತ್ರದಲ್ಲಿಯೂ ಎರಡು ಬಾಗಿಲಿನ ಕಾವಲುಗಾರರು ಬರುತ್ತಾರೆ.

ಒಗಟು ಸೊಗಸಾದದ್ದೇ. ಆದರೆ ಅಂಗಡಿಯ ಗಲ್ಲೆಯ ಮುಂದೆ ಕುಳಿತು ವಯಸ್ಸಾದ ನನ್ನಂಥವನಿಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ಸದಾ ಸುಳ್ಳಾಡುವವನು ಲೋಕದಲ್ಲಿ ಎಲ್ಲಿದ್ದಾನೆ? ಇದ್ದರೆ ಅವನಿಂದ ಯಾರಿಗೂ ಹಾನಿಯಿಲ್ಲ. ಅವನು 'ಪೂರ್ವ' ಎಂದರೆ ಪಶ್ಚಿಮಕ್ಕೆ ಹೋದರಾಯಿತು. ಅಂಥವನು ಒಂದು ಅರ್ಥದಲ್ಲಿ ಸತ್ಯವಂತನಷ್ಟೇ ನಂಬಿಕಸ್ಥ. ಪೇಟೆಯಲ್ಲಿ ನಾವು ಕಾಣುವವನು ಬೇರೆ. ಅವನ ಒಂದೇ ವಾಕ್ಯದಲ್ಲಿ ಅರ್ಧ ಸತ್ಯ, ಅರ್ಧ ಅಸತ್ಯ ಬೆರೆತಿರುತ್ತದೆ. ಎಷ್ಟು ಬೆರೆತಿದೆಯೆಂಬುದು ಅವನಿಗೂ ತಿಳಿಯದು. ಆ ಬೆರಕೆಯನ್ನು ತೂಗಿ ನೋಡುವ ಲೆಕ್ಕವೊಂದು ನಮ್ಮ ಕನ್ನಡ ನಾಡಿನಲ್ಲಿಯೇ, ಒಬ್ಬ ಜೈನಾಚಾರ್ಯರ ಕೈಯಲ್ಲಿ, ಸುಮಾರು ಸಾವಿರದ ನೂರ ಎಪ್ಪತ್ತು ವರ್ಷಗಳ ಹಿಂದೆ ರಚಿತವಾಗಿದೆಯೆಂಬುದು ನಮ್ಮ ಶ್ರಾವಕರಲ್ಲಿ ಹಲವರಿಗೆ ಅಪರಿಚಿತವಾದ ಸಂಗತಿ.

ಆ ಆಚಾರ್ಯರು 'ಗಣಿತಸಾರಸಂಗ್ರಹ'ದ ಕರ್ತೃಗಳಾದ ಮಹಾವೀರಾಚಾರ್ಯರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿನಲ್ಲಿ, ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದಲ್ಲಿ ಒಂಬತ್ತು ಅಧ್ಯಾಯಗಳೂ ಸಾವಿರದ ನೂರಕ್ಕೂ ಮೀರಿದ ಶ್ಲೋಕಗಳೂ ಇವೆ. ಅದಕ್ಕೆ ಹಿಂದಿನವರು ಜ್ಯೋತಿಷ ಗ್ರಂಥಗಳ ಒಳಗೆ ಗಣಿತವನ್ನು ಸೇರಿಸುತ್ತಿದ್ದರು. ಇವರು ಗಣಿತವನ್ನೇ ಪ್ರತ್ಯೇಕ ವಿಷಯವಾಗಿ ನಿರೂಪಿಸಿದರು. ಮಂಗಲದಲ್ಲಿ ವರ್ಧಮಾನ ಸ್ವಾಮಿಯನ್ನು ನಮಿಸಿ, ಬಳಿಕ ಅಮೋಘವರ್ಷನನ್ನು ಸ್ತುತಿಸಿದ್ದಾರೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟವು, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವು, ನಮ್ಮ ರಾಮನಗರ–ಚನ್ನಪಟ್ಟಣ ಸೀಮೆಗೆ ದೂರವೆನಿಸಬಹುದು. ಆದರೆ ಆಗ ಈ ಸೀಮೆಯು ಜಿನಭಕ್ತರಾದ ಗಂಗರ ನಾಡು. ಅವರ ಒಂದು ರಾಜನಿವಾಸ ಚನ್ನಪಟ್ಟಣದ ಸಮೀಪದ ಮಂಕುಂದದಲ್ಲಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಅಮೋಘವರ್ಷನು ಗಂಗರೊಡನೆ ಬಹುಕಾಲ ಕಾದು, ಕೊನೆಗೆ ತನ್ನ ಮಗಳು ಚಂದ್ರೊಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಬೀಗತನ ಬೆಳೆಸಿದನು.

ಗ್ರಂಥದ ಆರನೆಯ ಅಧ್ಯಾಯ ಮಿಶ್ರಕವ್ಯವಹಾರ. ಬಡ್ಡಿ, ಪಾಲುಗಾರಿಕೆಯ ಲಾಭ, ಬಂಗಾರದ ಬೆರಕೆ ಮುಂತಾದ ವರ್ತಕರ ಲೆಕ್ಕಗಳೆಲ್ಲ ಅಲ್ಲಿವೆ. ಬಿ.ಕಾಂ. ಓದುವಾಗ ನಮಗೆ ಇದನ್ನು ಯಾರೂ ತೋರಿಸಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ. ಅದೇ ಅಧ್ಯಾಯದಲ್ಲಿ 'ವಿಚಿತ್ರ ಕುಟ್ಟೀಕಾರ'ವೆಂಬ ಭಾಗದಲ್ಲಿ ಸತ್ಯಾಸತ್ಯ ವಚನಗಳ ಸಂಖ್ಯೆಯನ್ನು ಕಾಣುವ ಸೂತ್ರವೊಂದು ಬರುತ್ತದೆ. ಉದಾಹರಣೆಗೆ ಆರಿಸಿಕೊಂಡ ಪಾತ್ರ ಒಬ್ಬ ವೇಶ್ಯೆ. ಇಂದಿನ ಓದುಗರಿಗೆ ಇದು ಮುಜುಗರವೆನಿಸಬಹುದು. ಆದರೆ ಆಚಾರ್ಯರಿಗೆ ಬೇಕಾಗಿದ್ದದ್ದು ಮಾತನ್ನೇ ಸರಕಾಗಿ ಮಾರುವ ಒಂದು ವೃತ್ತಿ, ಅಷ್ಟೆ. ಐವರು ಪುರುಷರಿದ್ದಾರೆ, ಅವರಲ್ಲಿ ಮೂವರನ್ನು ಅವಳು ನಿಜವಾಗಿ ಮೆಚ್ಚಿದ್ದಾಳೆ. ಆದರೆ ಐವರಿಗೂ ಪ್ರತ್ಯೇಕ ಪ್ರತ್ಯೇಕವಾಗಿ, ತಾನು ಮೆಚ್ಚಿರುವುದು ಅವನೊಬ್ಬನನ್ನೇ ಎಂದು ಹೇಳುತ್ತಾಳೆ. ಅವಳ ಮಾತುಗಳಲ್ಲಿ ಸತ್ಯವೆಷ್ಟು, ಅಸತ್ಯವೆಷ್ಟು?

ಮೊದಲ ನೋಟಕ್ಕೆ ಐದು ಮಾತು, ಐದೂ ಸುಳ್ಳು ಎಂದೆನಿಸುತ್ತದೆ. ಆಚಾರ್ಯರು ಹಾಗೆ ಎಣಿಸುವುದಿಲ್ಲ. 'ನಿನ್ನೊಬ್ಬನನ್ನೇ' ಎಂದಾಗ ಅವಳು ಎದುರಿನವನ ಬಗ್ಗೆ ಒಂದು ಮಾತನ್ನು ಬಾಯಿಬಿಟ್ಟು ಹೇಳಿದಳು. ಉಳಿದ ನಾಲ್ವರನ್ನು ಮೆಚ್ಚಿಲ್ಲವೆಂಬ ನಾಲ್ಕು ಮಾತುಗಳನ್ನು ಬಾಯಿಬಿಡದೆಯೇ ಹೇಳಿದಳು. ಐವರಿಗೆ ಐದೈದು, ಒಟ್ಟು 25. ಸೂತ್ರವಿದು: ಮೆಚ್ಚಿದವರ ಸಂಖ್ಯೆಗೆ ಒಂದು ಕೂಡಿಸಿ, ಒಟ್ಟು ಪುರುಷರ ಸಂಖ್ಯೆಯಿಂದ ಗುಣಿಸಿ, ಬಂದುದರಲ್ಲಿ ಮೆಚ್ಚಿದವರ ಸಂಖ್ಯೆಯ ಇಮ್ಮಡಿಯನ್ನು ಕಳೆದರೆ ಅಸತ್ಯಗಳ ಸಂಖ್ಯೆ. ಪುರುಷರ ಸಂಖ್ಯೆಯ ವರ್ಗದಲ್ಲಿ ಅದನ್ನು ಕಳೆದರೆ ಸತ್ಯಗಳ ಸಂಖ್ಯೆ. ಇಲ್ಲಿ ನಾಲ್ಕೈದಲಿ ಇಪ್ಪತ್ತು. ಆರು ಕಳೆದರೆ ಅಸತ್ಯ 14, ಉಳಿದ ಸತ್ಯ 11.

ಕಾಗದದ ಮೇಲೆ ಐದು ಸಾಲು, ಐದು ಕಂಬ ಎಳೆದು ತಾಳೆ ನೋಡಬಹುದು. ಮೆಚ್ಚಿದವನ ಸಾಲಿನಲ್ಲಿ ಅವನ ವಿಷಯದ ಮಾತು ನಿಜ. ಮೆಚ್ಚಿದ ಇನ್ನಿಬ್ಬರನ್ನು ಅಲ್ಲಗಳೆದದ್ದು ಸುಳ್ಳು. ಮೆಚ್ಚದ ಇಬ್ಬರನ್ನು ಅಲ್ಲಗಳೆದದ್ದು ನಿಜ. ಹೀಗೆ ಸಾಲಿಗೆ ಎರಡು ಸುಳ್ಳಿನಂತೆ ಮೂರು ಸಾಲಿಗೆ ಆರು. ಮೆಚ್ಚದವನ ಸಾಲಿನಲ್ಲಿ ಅವನಿಗೆ ಹೇಳಿದ್ದೂ ಸುಳ್ಳು, ಮೆಚ್ಚಿದ ಮೂವರನ್ನು ಅಲ್ಲಗಳೆದದ್ದೂ ಸುಳ್ಳು. ಸಾಲಿಗೆ ನಾಲ್ಕರಂತೆ ಎರಡು ಸಾಲಿಗೆ ಎಂಟು. ಎರಡೂ ಸೇರಿ 14.

ಇಲ್ಲಿಗೆ ನಿಲ್ಲಿಸದೆ ಸಂಖ್ಯೆಯನ್ನು ಬದಲಿಸುತ್ತ ಹೋದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಅವಳು ಐವರಲ್ಲಿ ಯಾರನ್ನೂ ಮೆಚ್ಚಿಲ್ಲವೆಂದುಕೊಳ್ಳೋಣ, ಅಸತ್ಯ 5. ಒಬ್ಬನನ್ನು ಮೆಚ್ಚಿದ್ದರೆ 8, ಇಬ್ಬರಾದರೆ 11, ಮೂವರಾದರೆ 14, ನಾಲ್ವರಾದರೆ 17. ಐವರನ್ನೂ ಮನಸಾರೆ ಮೆಚ್ಚಿದ್ದರೆ ಅಸತ್ಯ 20! ಪ್ರತಿಯೊಬ್ಬನಿಗೂ ಅವಳು ಬಾಯಿಬಿಟ್ಟು ಹೇಳಿದ 'ನಿನ್ನನ್ನು ಮೆಚ್ಚಿದ್ದೇನೆ' ಎಂಬುದು ಆಗ ಸಂಪೂರ್ಣ ನಿಜ. ಆದರೂ 25ರಲ್ಲಿ 20 ಸುಳ್ಳು. ಕಾರಣ 'ಒಬ್ಬನನ್ನೇ' ಎಂಬ ನಿರ್ಬಂಧ. ಕನ್ನಡದಲ್ಲಿ ಅದು ಕೇವಲ ಒಂದು ಏಕಾರ. ವೈಯಾಕರಣರು ಅವಧಾರಣೆ ಎನ್ನುವ ಪ್ರತ್ಯಯ. ಆ ಒಂದು ಅಕ್ಷರವನ್ನು ಬಿಟ್ಟಿದ್ದರೆ ಅವಳ ಮಾತಿನಲ್ಲಿ ಸುಳ್ಳೇ ಇರುತ್ತಿರಲಿಲ್ಲ.

ವರ್ತಕ ಬಂಧುಗಳು ಈಗಾಗಲೇ ತಮ್ಮ ಅಂಗಡಿಯನ್ನು ನೆನೆದಿರಬಹುದು. "ಈ ಬೆಲೆ ನಿಮಗೊಬ್ಬರಿಗೇ ಸ್ವಾಮಿ, ಬೇರೆಯವರಿಗೆ ಕೊಟ್ಟಿಲ್ಲ" ಎಂಬ ಮಾತು ಯಾವ ಪೇಟೆಯಲ್ಲಿಲ್ಲ? ಐವರು ಗಿರಾಕಿಗಳಿಗೆ ಒಂದೇ ರಿಯಾಯಿತಿಯನ್ನು ಪ್ರಾಮಾಣಿಕವಾಗಿ ಕೊಟ್ಟ ವರ್ತಕ, ಪ್ರತಿಯೊಬ್ಬರಿಗೂ ಹೀಗೆಂದರೆ, ತೂಕದಲ್ಲಿ ಮೋಸವಿಲ್ಲ, ಸರಕಿನಲ್ಲಿ ಬೆರಕೆಯಿಲ್ಲ, ಬೆಲೆಯೂ ನ್ಯಾಯವೇ. ಆದರೂ ಸಂಜೆಗೆ ಅವನ ಲೆಕ್ಕದಲ್ಲಿ 20 ಅಸತ್ಯ. ಗಿರಾಕಿಗೆ ನಷ್ಟವಾಗಲಿಲ್ಲವಲ್ಲ ಎಂದು ವಾದಿಸುವವರುಂಟು. ನಷ್ಟವಾಗದಿದ್ದರೆ ಆ ಮಾತನ್ನು ಹೇಳುವ ಅಗತ್ಯವೇನಿತ್ತು? ಗಿರಾಕಿಯು ಬೇರೆ ಅಂಗಡಿಗೆ ಹೋಗಿ ವಿಚಾರಿಸದಿರಲೆಂದೇ ಅಲ್ಲವೆ?

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳ ಅತಿಚಾರಗಳನ್ನು ಎಣಿಸಿದೆ. ಸತ್ಯಾಣುವ್ರತದ ಐದರಲ್ಲಿ ಕೂಟಲೇಖಕ್ರಿಯೆ ಅಂದರೆ ಸುಳ್ಳು ಪತ್ರ ಬರೆಯುವುದು, ನ್ಯಾಸಾಪಹಾರ ಅಂದರೆ ನಂಬಿ ಇಟ್ಟ ಒಡವೆಯನ್ನು ಮುಳುಗಿಸುವುದು ಸೇರಿವೆ. ಅಚೌರ್ಯಾಣುವ್ರತದಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರಗಳು ಸೇರಿವೆ. ಇವೆಲ್ಲ ನೇರವಾಗಿ ಅಂಗಡಿಯ ಭಾಷೆ. ಸೂತ್ರಕಾರರು ನಮ್ಮಂಥವರನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. 'ನಿಮಗೊಬ್ಬರಿಗೇ' ಎಂಬುದು ಈ ಪಟ್ಟಿಯಲ್ಲಿ ಹೆಸರು ಹಿಡಿದು ಬರುವುದಿಲ್ಲ. ಆದರೆ ಪ್ರಮಾದದಿಂದ ಆಡುವ ಅಸತ್ ವಚನವೆಲ್ಲ ಅನೃತವೆಂದಾಗ, ಲಾಭದ ಆಸೆಯಿಂದ ಹುಟ್ಟಿದ ಈ ಏಕಾರವು ಹೊರಗುಳಿಯುತ್ತದೆಂದು ನನಗೆ ತೋರುವುದಿಲ್ಲ.

ಕಾವಲುಗಾರರ ಒಗಟು ಮಾತನ್ನು ಎರಡಾಗಿ ಮಾತ್ರ ಒಡೆಯುತ್ತದೆ. ನಮ್ಮ ಆಗಮ ಪರಂಪರೆ ನಾಲ್ಕಾಗಿ ಒಡೆಯುತ್ತದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ವಚನಯೋಗವು ಸತ್ಯ, ಅಸತ್ಯ, ಉಭಯ, ಅನುಭಯ ಎಂದು ನಾಲ್ಕು ಬಗೆ. ಈ ಗ್ರಂಥಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದಿದ್ದಾರೆ. ಕರೆಯುವುದು, ಬೇಡುವುದು, ಆಜ್ಞಾಪಿಸುವುದು, ಪ್ರಶ್ನಿಸುವುದು ಇವು ಅನುಭಯ, ಸತ್ಯವೂ ಅಲ್ಲ ಅಸತ್ಯವೂ ಅಲ್ಲ. ಒಗಟಿನ ಸೆರೆಯಾಳು ಕೇಳುವ ಪ್ರಶ್ನೆ ಈ ವರ್ಗದ್ದು. ಉಭಯವೆಂದರೆ ಬೆರಕೆಯ ಮಾತು. ಮಹಾವೀರಾಚಾರ್ಯರ ಲೆಕ್ಕ ಅದನ್ನೇ ಬಿಡಿಸಿ ಎಣಿಸಿದಂತಿದೆ. ಸ್ಯಾದ್ವಾದವಿರುವಾಗ ಎಲ್ಲ ಮಾತೂ ಒಂದು ದೃಷ್ಟಿಯಲ್ಲಿ ಸತ್ಯವಲ್ಲವೆ ಎಂದು ಕೆಲವರು ಹಗುರವಾಗಿ ಆಡುವುದನ್ನು ಕೇಳಿದ್ದೇನೆ. ಹಾಗಲ್ಲ. ಯಾವ ಅಪೇಕ್ಷೆಯಿಂದ ಹೇಳುತ್ತಿದ್ದೇನೆಂಬುದನ್ನು ತೆರೆದಿಡುವುದು ಸ್ಯಾದ್ವಾದ; ಮುಚ್ಚಿಡುವುದು 'ನಿಮಗೊಬ್ಬರಿಗೇ'.

ಆಚಾರ್ಯರ ಉದಾಹರಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 'ಪ್ರತ್ಯೇಕವಾಗಿ' ಎಂಬ ಮಾತೆಂದು ನನ್ನ ಅಭಿಪ್ರಾಯ. ಐವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದರೆ ಅವಳಿಗೆ ಆ ಮಾತನ್ನು ಎರಡನೆಯ ಸಲ ಆಡಲು ಸಾಧ್ಯವೇ ಆಗುತ್ತಿರಲಿಲ್ಲ. ಕಾವಲುಗಾರರ ಒಗಟಿನ ಉತ್ತರವೂ ಇದೇ ಅಲ್ಲವೆ? ಒಬ್ಬನ ಮಾತಿನೊಳಗೆ ಇನ್ನೊಬ್ಬನ ಮಾತನ್ನು ತಂದು ಕೂರಿಸುವುದು. ನಾನು ವ್ಯಾಪಾರ ಮಾಡಿಕೊಂಡಿರುವ ಕೈಲಾಂಚವು ರಾಮನಗರ ತಾಲ್ಲೂಕಿನ ಹೋಬಳಿ. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುತ್ತಾರೆ. ರೇಷ್ಮೆಯಲ್ಲಿನ ಹಿಂಸೆಯ ಪ್ರಶ್ನೆ ಶ್ರಾವಕರಿಗೆ ಬೇರೆಯೇ ಉಂಟು, ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ಹರಾಜಿನ ಕ್ರಮವನ್ನಷ್ಟೇ ನೋಡೋಣ. ದಲ್ಲಾಳಿಯು ಬೆಳೆಗಾರನ ಮನೆಬಾಗಿಲಿಗೆ ಬಂದು ಕೊಳ್ಳುವಾಗ "ಈ ದರ ನಿನಗೊಬ್ಬನಿಗೇ" ಎನ್ನಬಹುದು. ಅದಕ್ಕಾಗಿಯೇ 1959ರ ಕಾಯಿದೆಯು ಗೂಡಿನ ಮಾರಾಟವನ್ನು ಸರ್ಕಾರಿ ಮಾರುಕಟ್ಟೆಯೊಳಕ್ಕೆ ತಂದಿತೆಂದರೆ ಅತಿಯಾದೀತು, ಬೇರೆ ಕಾರಣಗಳೂ ಇದ್ದವು. ಆದರೆ ಲಾಟಿಗೆ ಸಂಖ್ಯೆ ಕೊಟ್ಟು ಬಹಿರಂಗವಾಗಿ ಕೂಗುವ ಕಡೆ ಒಬ್ಬನ ದರ ಎಲ್ಲರ ಕಿವಿಗೂ ಬೀಳುತ್ತದೆ. ಈಚಿನ ವರ್ಷಗಳ ಇ-ಹರಾಜಿನಲ್ಲಿ ಕೂಗು ಹೋಗಿ ಮೊಬೈಲು ಬಂದಿದ್ದರೂ ಬೆಳೆಗಾರನಿಗೆ ತನ್ನ ಲಾಟಿನ ಅತ್ಯಧಿಕ ದರ ತಿಳಿದೇ ತಿಳಿಯುತ್ತದೆ. ಒಪ್ಪದಿದ್ದರೆ ಬಿಡುವ ಹಕ್ಕೂ ಅವನಿಗಿದೆ.

ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. 1963ರಲ್ಲಿ ಸೋಲಾಪುರದಿಂದ ಹಿಂದಿ ಅನುವಾದದ ಆವೃತ್ತಿ ಬಂದಿತು. 2000ದಲ್ಲಿ ಹೊಂಬುಜ ಜೈನಮಠವು ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಪ್ರಕಟಿಸಿದೆ. ಬಸದಿಗಳ ಗ್ರಂಥಭಂಡಾರದಲ್ಲಿ ಇದು ಇದ್ದರೆ ವಿಶ್ವಸ್ತ ಮಂಡಳಿಯವರು ಆರನೆಯ ಅಧ್ಯಾಯವನ್ನು ತೆರೆದು ನೋಡಬೇಕೆಂದು ವಿನಂತಿ. ಏಕೆಂದರೆ ಈ ಲೆಕ್ಕ ಅಂಗಡಿಗೆ ಮಾತ್ರ ಸೀಮಿತವಲ್ಲ. ಒಂದು ಜೀರ್ಣೋದ್ಧಾರಕ್ಕೆ ಐವರು ದಾನಿಗಳು ಸಮನಾಗಿ ಕೊಟ್ಟಿರುವಾಗ, ಒಬ್ಬೊಬ್ಬರ ಮನೆಗೆ ಹೋಗಿ "ತಮ್ಮೊಬ್ಬರಿಂದಲೇ ಈ ಕಾರ್ಯ ನಡೆಯಿತು" ಎಂದು ಹೇಳಿ ಬರುವುದು ಉಪಚಾರದ ಮಾತೆಂದು ಎಣಿಸಲ್ಪಡುತ್ತದೆ. ಸೂತ್ರದ ಪ್ರಕಾರ ಅದೂ 20.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಾಹುಬಲಿ ಸ್ವಾಮಿಯ ಪಾದಗಳ ಇಕ್ಕೆಲದ ಬರಹಗಳನ್ನು ಯಾತ್ರಿಕರೆಲ್ಲ ಕಂಡಿರುತ್ತಾರೆ. ಗಂಗರ ಮಂತ್ರಿ ಚಾವುಂಡರಾಯನು ವಿಗ್ರಹವನ್ನು ಮಾಡಿಸಿದನೆಂದು ಅಲ್ಲಿದೆ. 12ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಮಾಡಿಸಿದನೆಂದೂ ಅಲ್ಲಿಯೇ ಇದೆ. ಇಬ್ಬರ ಹೆಸರುಗಳೂ ಒಂದೇ ಬಂಡೆಯ ಬುಡದಲ್ಲಿ, ಯಾರು ಬೇಕಾದರೂ ಓದಬಹುದಾದಂತೆ, ಬೇರೆ ಬೇರೆ ಭಾಷೆ ಲಿಪಿಗಳಲ್ಲಿ ಕೊರೆಯಲ್ಪಟ್ಟಿವೆ. ವಿಗ್ರಹ ಒಬ್ಬನದು, ಸುತ್ತಾಲಯ ಇನ್ನೊಬ್ಬನದು.