ಮಗ್ಗದ ಮನೆಗೆ ತಲುಪಿದ ಮಾತು

ಸಾಹಿತ್ಯ ಸಮ್ಮೇಳನದ ಈ ಸ್ಮರಣ ಸಂಚಿಕೆಗೆ ಇತಿಹಾಸ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಪದಾಧಿಕಾರಿಗಳು ಕೇಳಿದಾಗ, ನಮ್ಮ ಮನಸ್ಸಿಗೆ ಮೊದಲು ಬಂದದ್ದು ರಾಜೋಳಿಯ ಕೋಟೆ ಮತ್ತು ಆಲಂಪುರದ ಗುಡಿಗಳು. ಅವುಗಳನ್ನು ಕುರಿತು ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ಆದರೆ ಕಳೆದ ದೀಪಾವಳಿಗೆ ಊರಿಗೆ ಬಂದ ನಮ್ಮ ಮೊಮ್ಮಗನ ಮಾತೊಂದು ನಮ್ಮನ್ನು ಬೇರೆ ದಾರಿಗೆ ಹಚ್ಚಿತು. ಅವನು ಹೈದರಾಬಾದಿನ ಒಂದು ಕಂಪನಿಯಲ್ಲಿ ನೌಕರ. ಮೂರು ತಿಂಗಳಿಗೊಮ್ಮೆ ಆ ಕಂಪನಿಯ ಮುಖ್ಯಸ್ಥರು ಸಾವಿರಾರು ನೌಕರರನ್ನು ಉದ್ದೇಶಿಸಿ ಪರದೆಯ ಮೇಲೆ ಮಾತನಾಡುತ್ತಾರಂತೆ. "ಈ ಸಲ ಏನು ಹೇಳಿದರು?" ಎಂದು ಕೇಳಿದೆವು. "ಬಹಳ ಚೆನ್ನಾಗಿ ಮಾತಾಡಿದರು ತಾತ, ಏನು ಹೇಳಿದರೋ ನೆನಪಿಲ್ಲ" ಎಂದ.

ಮನೆಯವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಉದ್ಯಮವನ್ನು ನಡೆಸುವವನು ತನ್ನವರೊಡನೆ ಹೇಗೆ ಮಾತನಾಡಬೇಕೆಂಬುದು ಇಂದು ಹುಟ್ಟಿದ ಪ್ರಶ್ನೆಯಲ್ಲ. ನಮ್ಮ ನಾಡಿನಲ್ಲಿ ಅದಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಉದ್ದಕ್ಕೂ ಮಗ್ಗದ ಸದ್ದು ಕೇಳಿಸುತ್ತದೆ ಎಂಬುದು ನೇಕಾರರ ಊರಾದ ರಾಜೋಳಿಯ ಸೀಮೆಯವರಾದ ನಮಗೆ ವಿಶೇಷ.

ಗದ್ವಾಲ ಸೀರೆಯ ನೇಯ್ಗೆಯನ್ನು ಕಂಡವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ. ಈ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಒಡಲಿಗೊಂದು ಲಾಳಿ, ಎರಡು ಅಂಚುಗಳಿಗೆ ಬೇರೆ ಲಾಳಿಗಳು. ಅಂಚಿನ ಎಳೆಯೂ ಒಡಲಿನ ಎಳೆಯೂ ಸೇರುವಲ್ಲಿ ಒಂದನ್ನೊಂದು ಕೊಂಡಿಯಂತೆ ಹಿಡಿದುಕೊಳ್ಳಬೇಕು. ಆದ್ದರಿಂದ ಮಗ್ಗದಲ್ಲಿ ನೇಕಾರನೊಬ್ಬನೇ ಸಾಲದು, ಪಕ್ಕದಲ್ಲಿ ಸಹಾಯಕ್ಕೆ ಇನ್ನೊಬ್ಬರು ಬೇಕು. ಹೆಚ್ಚಾಗಿ ಅದು ಮನೆಯ ಹೆಂಗಸು ಇಲ್ಲವೇ ಬೆಳೆದ ಮಗ. ಹಾಸು, ಜರಿ, ಬಣ್ಣದ ನಮೂನೆ ಇವನ್ನೆಲ್ಲ ಕೊಡುವವನು ಸಾಹುಕಾರ. ನೇಯ್ದುಕೊಟ್ಟವರಿಗೆ ಸಿಗುವುದು ಕೂಲಿ. ಸಾಹುಕಾರನ ಅಂಗಡಿಯಲ್ಲಿ ಆಡಿದ ಮಾತು ಮಗ್ಗದ ಗುಂಡಿಗೆ ಬರುವಷ್ಟರಲ್ಲಿ ತಪ್ಪಿದರೆ ಹಲವು ದಿನಗಳ ದುಡಿಮೆ ಹಾಳು. ಇಲ್ಲಿ ಮಾತು ಅಲಂಕಾರವಲ್ಲ, ಅನ್ನದ ಪ್ರಶ್ನೆ.

ಈಗ ಹಿಂದಿನ ಕಾಲಕ್ಕೆ ಹೋಗೋಣ. ಬಾಗಲಕೋಟೆ ಜಿಲ್ಲೆಯ ಐಹೊಳೆ ಮತ್ತು ನಮ್ಮ ಆಲಂಪುರ, ಎರಡೂ ಬಾದಾಮಿಯ ಚಾಲುಕ್ಯರು ಗುಡಿಗಳನ್ನು ಕಟ್ಟಿಸಿದ ಸ್ಥಳಗಳು. ಐಹೊಳೆಯ ಹಳೆಯ ಹೆಸರು ಅಯ್ಯಾವೊಳೆ. ಅಲ್ಲಿಂದ ಹೆಸರು ಪಡೆದ ವಣಿಜರ ಮಹಾಸಂಘವೇ ಅಯ್ಯಾವೊಳೆ ಐನೂರ್ವರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಈ ಸಂಘ ದಕ್ಷಿಣ ಭಾರತದ ತುಂಬ ಹಬ್ಬಿತ್ತು. ನೆಲದ ದಾರಿಯಲ್ಲಿಯೂ ಜಲದ ದಾರಿಯಲ್ಲಿಯೂ ಕುದುರೆ, ಮುತ್ತು, ಕರ್ಪೂರ, ಏಲಕ್ಕಿ, ಗಂಧ ಮೊದಲಾದವುಗಳ ವ್ಯಾಪಾರವನ್ನು ಇವರು ನಡೆಸುತ್ತಿದ್ದರೆಂದು ಶಾಸನಗಳು ಹೇಳುತ್ತವೆ. ಇಷ್ಟು ದೂರ ಹರಡಿದ ಸಂಘಕ್ಕೆ ಒಬ್ಬ ರಾಜನಿರಲಿಲ್ಲ, ಸೈನ್ಯದ ಅಪ್ಪಣೆಯಿರಲಿಲ್ಲ. ಅದನ್ನು ಒಂದಾಗಿ ಹಿಡಿದದ್ದು ವೀರಬಣಂಜು ಧರ್ಮವೆಂದು ಅವರು ಕರೆದುಕೊಂಡ ಕಟ್ಟುಪಾಡು. ಆ ಕಟ್ಟುಪಾಡು ಎಲ್ಲರನ್ನೂ ತಲುಪಿದ್ದು ಮಾತಿನ ಮೂಲಕ.

ಅವರ ರೀತಿಯನ್ನು ಗಮನಿಸಬೇಕು. ಸಂಘದ ಹಿರಿಯರು, ಪಟ್ಟಣಸ್ವಾಮಿಗಳು, ಸೆಟ್ಟಿಗಳು ಪೇಟೆಯಲ್ಲಿಯೋ ಗುಡಿಯ ಆವರಣದಲ್ಲಿಯೋ ನೆರೆದು, ಯಾವ ಸರಕಿನ ಹೇರಿಗೆ ದೇವರಿಗೆಂದು ಎಷ್ಟು ಸಲ್ಲಬೇಕೆಂದು ನಿರ್ಣಯಿಸುತ್ತಿದ್ದರು. ಆ ನಿರ್ಣಯ ಕಲ್ಲಿನಲ್ಲಿ ಕೆತ್ತಲ್ಪಟ್ಟು ಎಲ್ಲರೂ ಓಡಾಡುವ ಜಾಗದಲ್ಲಿ ನಿಲ್ಲುತ್ತಿತ್ತು. ಓದುಬಲ್ಲವನು ಓದಿ ಹೇಳಬಹುದು, ಓದು ಬಾರದವನು ಕೇಳಬಹುದು. ಕೆತ್ತಿಸಿದ ಹಿರಿಯನೇ ನಾಳೆ ಮಾತು ತಪ್ಪಿದರೆ ಅದೇ ಕಲ್ಲು ಅವನ ಎದುರು ಸಾಕ್ಷಿ ನುಡಿಯುತ್ತಿತ್ತು. ಕಾಗದದ ಮಾತನ್ನು ಹರಿಯಬಹುದು, ಕಲ್ಲಿನ ಮಾತನ್ನು ಅಷ್ಟು ಸುಲಭವಾಗಿ ಅಳಿಸಲಾಗದು.

ಇನ್ನೂ ಒಂದು ಸಂಗತಿ ನಮ್ಮಂಥ ಗಡಿನಾಡಿನವರಿಗೆ ಬಹು ಮುಖ್ಯವಾದುದು. ಐನೂರ್ವರ ಸಂಘ ಒಂದೇ ಆದರೂ ಅದರ ಭಾಷೆ ಒಂದೇ ಆಗಿರಲಿಲ್ಲ. ಕನ್ನಡ ನೆಲದಲ್ಲಿ ಅವರ ಶಾಸನಗಳು ಕನ್ನಡದಲ್ಲಿ, ತೆಲುಗು ನೆಲದಲ್ಲಿ ತೆಲುಗಿನಲ್ಲಿ, ತಮಿಳು ನೆಲದಲ್ಲಿ ತಮಿಳಿನಲ್ಲಿ. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯ ಬಾರುಸ್ ಬಳಿ ಸಿಕ್ಕಿದ, ಶಕವರ್ಷ 1010ಕ್ಕೆ, ಅಂದರೆ ಕ್ರಿ.ಶ. 1088ಕ್ಕೆ ಸೇರಿದ ಕಲ್ಲು ತಮಿಳಿನಲ್ಲಿದೆ. ಆ ರೇವಿಗೆ ಹಡಗು ತಂದ ವರ್ತಕರಿಗೆ ಅರ್ಥವಾಗುತ್ತಿದ್ದ ನುಡಿ ಅದು. ಕನ್ನಡದ ಊರಿನಿಂದ ಹೆಸರು ಪಡೆದ ಸಂಘ ತನ್ನ ಹೆಸರನ್ನು ಬಿಡಲಿಲ್ಲ. ಆದರೆ ಕೇಳುವವನ ಭಾಷೆಗೆ ತಾನೇ ನಡೆದು ಹೋಯಿತು. ದೊಡ್ಡಸ್ತಿಕೆಯ ಲಕ್ಷಣ ಇದೇ ಎಂದು ನಮಗೆ ತೋರುತ್ತದೆ.

ಆ ಕಾಲದ ಶಾಸನಗಳಲ್ಲಿ ಮಗ್ಗದೆರೆ ಎಂಬ ತೆರಿಗೆಯ ಹೆಸರೂ ಬರುತ್ತದೆ. ನೇಕಾರನಿಗೆ ತಾನು ಕೊಡಬೇಕಾದುದು ಎಷ್ಟೆಂದು ತಿಳಿದಿರಬೇಕು ಎಂಬುದು ಅಂದಿನ ನ್ಯಾಯ. ಆ ನ್ಯಾಯ ಬಹುಕಾಲದ ನಂತರ, ಬಹುದೂರದ ನೇಕಾರರ ನಡುವೆ ಹೊಸ ರೂಪದಲ್ಲಿ ಕಾಣಿಸಿಕೊಂಡಿತು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರ ಡಿಸೆಂಬರ್ 21ರಂದು 28 ಮಂದಿ ಸೇರಿ ಒಂದು ಸಣ್ಣ ಅಂಗಡಿಯನ್ನು ತೆರೆದರು. ಅವರಲ್ಲಿ ಹಲವರು ನೇಕಾರರು. ಬಂಡವಾಳ ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಲೆಕ್ಕವನ್ನು ಸದಸ್ಯರ ಸಭೆಯಲ್ಲಿ ಇಡಬೇಕು. ಮುಂದೆ ಅವರು ಅಂಗಡಿಯ ಜೊತೆಗೆ ವಾಚನಾಲಯವನ್ನು ನಡೆಸಿ, ಉಳಿತಾಯದ ಶೇಕಡಾ 2.5ರಷ್ಟನ್ನು ಶಿಕ್ಷಣಕ್ಕೆ ಎತ್ತಿಟ್ಟರು. ಲೆಕ್ಕ ಹೇಳುವುದಷ್ಟೇ ಸಾಲದು, ಆ ಲೆಕ್ಕವನ್ನು ಅರ್ಥಮಾಡಿಕೊಳ್ಳುವ ಶಕ್ತಿಯನ್ನೂ ಕೇಳುವವನಿಗೆ ಕೊಡಬೇಕೆಂಬ ತಿಳಿವಳಿಕೆ ಅವರದು. ಶಾಲೆಯಲ್ಲಿ ಜೀವಮಾನ ಕಳೆದ ನಮಗೆ ಈ ಅಂಶ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ಈ ಸಹಕಾರ ತತ್ವ ನಮ್ಮ ದೇಶಕ್ಕೆ 1904ರ ಕಾಯಿದೆಯ ಮೂಲಕ ಬಂದಿತು. ಮರುವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅವರು ಊರಿನ ಗೌಡರು. ಅಪ್ಪಣೆ ಮಾಡಿದ್ದರೆ ಜನ ಕೇಳುತ್ತಿದ್ದರೇನೋ. ಆದರೆ ಅಂದಿನ ಗ್ರಾಮೀಣ ಸಂಘಗಳ ನಿಯಮದಂತೆ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬನು ಸಾಲ ತೀರಿಸದಿದ್ದರೆ ಉಳಿದವರೆಲ್ಲ ಬಾಧ್ಯರು. ಹಾಗಿರುವಾಗ ಯಾರಿಗೆ ಎಷ್ಟು ಸಾಲ, ಯಾವ ಕೆಲಸಕ್ಕೆ, ಎಂದಿಗೆ ಮರುಪಾವತಿ ಎಂಬುದನ್ನು ಮುಚ್ಚಿಟ್ಟು ಸಂಘ ನಡೆಸಲು ಸಾಧ್ಯವಿಲ್ಲ. ಹೊಣೆ ಎಲ್ಲರದಾದಾಗ ಮಾತೂ ಎಲ್ಲರದಾಗಲೇಬೇಕು. ಪಾಟೀಲರನ್ನು ಸಹಕಾರಿ ಪಿತಾಮಹರೆಂದು ಇಂದಿಗೂ ಕರೆಯುತ್ತಾರೆ.

ಇನ್ನೊಂದು ನಿದರ್ಶನ ಉಡುಪಿಯದು. ಅಲ್ಲಿನ ಕೈಮಗ್ಗದ ನೇಕಾರರು ಸಂಕಟದಲ್ಲಿದ್ದ ಕಾಲ. 1925ರಲ್ಲಿ ವೈದ್ಯರಾದ ಡಾ. ಟಿ.ಎಂ.ಎ. ಪೈ, ವರ್ತಕರಾದ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರ್ ವಾಮನ ಕುಡ್ವ ಈ ಮೂವರು 8,000 ರೂಪಾಯಿ ಬಂಡವಾಳದಿಂದ ಒಂದು ಸಂಸ್ಥೆಯನ್ನು ಆರಂಭಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಸಣ್ಣ ಉಳಿತಾಯಗಳನ್ನು ಕೂಡಿಸಿ ನೇಕಾರರಿಗೆ ನೆರವಾಗುವುದು ಅದರ ಮೂಲ ಉದ್ದೇಶಗಳಲ್ಲೊಂದು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದ.

ಇದನ್ನು ಎಲ್ಲರೂ ಉಳಿತಾಯದ ಯೋಜನೆಯೆಂದು ಹೊಗಳುತ್ತಾರೆ. ನಮಗೆ ಇದು ಸಂವಹನದ ಯೋಜನೆಯಾಗಿಯೂ ಕಾಣುತ್ತದೆ. ಪ್ರತಿನಿತ್ಯ ಮನೆಬಾಗಿಲಿಗೆ ಬರುವವನು ಹಣವನ್ನಷ್ಟೇ ಒಯ್ಯುವುದಿಲ್ಲ, ಸುದ್ದಿಯನ್ನೂ ಒಯ್ಯುತ್ತಾನೆ. ಯಾರ ಮಗ್ಗ ನಿಂತಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಇಂದು ಎರಡಾಣೆ ಕೊಡಲಾಗದೆ ತಲೆ ತಗ್ಗಿಸಿದರು, ಎಲ್ಲವೂ ಅವನಿಗೆ ಗೊತ್ತು. ಮೇಲಿನ ಮಾತು ಕೆಳಗೆ ಬರುವ ದಾರಿಯಲ್ಲೇ ಕೆಳಗಿನ ಮಾತೂ ಮೇಲೆ ಹೋಗಬಲ್ಲದು. 1969ರಲ್ಲಿ ಆ ಬ್ಯಾಂಕು ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಪದ ಕನ್ನಡಿಗರ ನಾಲಗೆಯ ಮೇಲೆ ಉಳಿದಿದೆ.

ಇಷ್ಟೆಲ್ಲ ಬರೆಯುವ ನಾವು ಈ ವಿದ್ಯೆಯಲ್ಲಿ ಪಾರಂಗತರಾಗಿದ್ದೆವೆಂದು ಓದುಗರು ತಿಳಿಯಬಾರದು. ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕುಳಿತ ಮೊದಲ ವರ್ಷ ಸೂಚನಾ ಪುಸ್ತಕದ ಮೇಲೆ ನಮಗೆ ಅಪಾರ ನಂಬಿಕೆಯಿತ್ತು. ಪರೀಕ್ಷೆಯ ವೇಳೆ ಅರ್ಧ ಗಂಟೆ ಮುಂಚಿತವಾಗಿ ಬದಲಾದುದನ್ನು ಸೊಗಸಾದ ಭಾಷೆಯಲ್ಲಿ ಬರೆದು ಕಳುಹಿಸಿದೆವು. ಎಲ್ಲ ಶಿಕ್ಷಕರೂ ಸಹಿ ಮಾಡಿದರು. ಮರುದಿನ ಗಂಟೆ ಹಳೆಯ ವೇಳೆಗೇ ಬಾರಿಸಿತು. ಜವಾನನನ್ನು ಕರೆದು ಗದರಿಸಿದಾಗ ಅವನು ಮೆಲ್ಲಗೆ ಹೇಳಿದ: "ಸಾರ್, ಆ ಪುಸ್ತಕ ಎಲ್ಲರ ಹತ್ತಿರ ಒಯ್ದವನು ನಾನೇ. ನನಗೆ ಅದರಲ್ಲಿ ಏನಿದೆ ಅಂತ ಯಾರೂ ಹೇಳಲಿಲ್ಲ." ಗಂಟೆ ಬಾರಿಸುವವನನ್ನು ಬಿಟ್ಟು ಮಿಕ್ಕೆಲ್ಲರಿಗೂ ನಾವು ಸೂಚನೆ ಕೊಟ್ಟಿದ್ದೆವು. ಅಂದಿನಿಂದ ಪ್ರಾರ್ಥನೆಯ ವೇಳೆಗೆ ಎಲ್ಲರೆದುರು ಬಾಯಿಮಾತಿನಲ್ಲಿಯೂ ಹೇಳುವ ಪದ್ಧತಿಯನ್ನಿಟ್ಟುಕೊಂಡೆವು.

ಮಾತಿನ ನಿಜವಾದ ಪರೀಕ್ಷೆ ಕಷ್ಟಕಾಲದಲ್ಲಿ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಉಕ್ಕಿ ಕರ್ನೂಲು ಮುಳುಗಿದ ಸಂಗತಿ ದೇಶಕ್ಕೆಲ್ಲ ತಿಳಿದಿದೆ. ರಾಜೋಳಿ ಮುಳುಗಿದ ಸಂಗತಿ ನಮಗೆ ತಿಳಿದಿದೆ. ನೀರು ಇಳಿದ ಮೇಲೆ ಮಗ್ಗದ ಗುಂಡಿಗಳಲ್ಲಿ ಉಳಿದದ್ದು ಕೆಸರು. ಹಾಸು, ನೂಲು, ಅರ್ಧ ನೇಯ್ದ ಸೀರೆಗಳು ಗುರುತು ಸಿಗದಂತಾಗಿದ್ದವು. ಆ ದಿನಗಳಲ್ಲಿ ಇಬ್ಬರು ಸಾಹುಕಾರರ ನಡತೆಯನ್ನು ನಾವು ಹತ್ತಿರದಿಂದ ಕಂಡೆವು, ಹೆಸರು ಬೇಡ. ಒಬ್ಬರು ತಮ್ಮ ಗುಮಾಸ್ತನ ಮೂಲಕ "ಧೈರ್ಯವಾಗಿರಿ" ಎಂದು ಹೇಳಿ ಕಳುಹಿಸಿದರು. ಮಾತು ಒಳ್ಳೆಯದೇ. ಆದರೆ ಕೊಚ್ಚಿಹೋದ ನೂಲಿನ ಬೆಲೆ ಯಾರ ಲೆಕ್ಕಕ್ಕೆ ಎಂಬ ಭಯದಲ್ಲಿದ್ದವರಿಗೆ ಅದರಿಂದ ಏನೂ ತಿಳಿಯಲಿಲ್ಲ. ಇನ್ನೊಬ್ಬರು ಪಂಚೆ ಎತ್ತಿ ಕಟ್ಟಿ, ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿ ಹಿಡಿದು ಮನೆಯಿಂದ ಮನೆಗೆ ಬಂದರು. ಪ್ರತಿ ಮನೆಯಲ್ಲಿಯೂ ನೇಕಾರನ ಮತ್ತು ಅವನ ಹೆಂಡತಿಯ ಎದುರು ಅವರ ಪುಟವನ್ನು ತೆರೆದು ಓದಿದರು. ಕೊಟ್ಟ ನೂಲು ಇಷ್ಟು, ಮುಂಗಡ ಇಷ್ಟು. ನೂಲನ್ನು ಹೊಡೆದು ಹಾಕಿದ್ದೇನೆ, ಮುಂಗಡವನ್ನು ಮಗ್ಗ ಎದ್ದು ನಿಂತ ಮೇಲೆ ನಿಧಾನವಾಗಿ ಮುರಿದುಕೊಳ್ಳುತ್ತೇನೆ ಎಂದರು. "ಇಷ್ಟಕ್ಕಿಂತ ಹೆಚ್ಚು ಮಾಡುವ ಶಕ್ತಿ ನನಗಿಲ್ಲ" ಎಂದೂ ಹೇಳಿದರು. ಕನ್ನಡದ ಮನೆಯಲ್ಲಿ ಕನ್ನಡದಲ್ಲಿ, ತೆಲುಗಿನ ಮನೆಯಲ್ಲಿ ತೆಲುಗಿನಲ್ಲಿ ಅವರು ಆಡಿದ್ದು ಇದೇ ಮಾತು. ಅವರ ಮಗ್ಗಗಳನ್ನು ಬಿಟ್ಟು ಹೋದವರು ಕಡಿಮೆ. ಅವರು ಐನೂರ್ವರ ಶಾಸನವನ್ನು ಓದಿದವರಲ್ಲ. ಆದರೂ ಆ ದಿನ ನಮಗೆ ನೆನಪಾದದ್ದು ಅದೇ.

ಕೊನೆಯದಾಗಿ ನಮ್ಮ ಸಂಘಕ್ಕೆ ಸಂಬಂಧಿಸಿದ ಮಾತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ನಾವಾಗ ಚಿಕ್ಕ ಮಕ್ಕಳು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರುತ್ತಿದ್ದ ಕಚೇರಿಯ ಕಾಗದ ಕ್ರಮೇಣ ತೆಲುಗಿನಲ್ಲಿ ಬರತೊಡಗಿತು. ಎರಡೂ ಕಾಲಗಳಲ್ಲಿ ನಮ್ಮ ಅಜ್ಜಿಯಂಥವರು ಆ ಕಾಗದವನ್ನು ಹಿಡಿದು, ಓದಿ ಹೇಳುವವರಿಗಾಗಿ ಬೀದಿಯಲ್ಲಿ ಕಾಯುತ್ತಿದ್ದರು. ತೆಲುಗಿನ ಮೇಲೆ ನಮಗೆ ಮುನಿಸಿಲ್ಲ; ಅದು ನಮ್ಮ ನೆರೆಯ ನುಡಿ, ನಮ್ಮ ಅನ್ನದ ನುಡಿ. ಆದರೆ ತನಗೆ ಬಂದ ಮಾತು ತನಗೇ ತಿಳಿಯದಿದ್ದಾಗ ಮನುಷ್ಯ ಎಷ್ಟು ಕುಗ್ಗುತ್ತಾನೆ ಎಂಬುದನ್ನು ಗಡಿನಾಡಿನವರು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಅದೇ ತಪ್ಪನ್ನು ಇಂದು ನಾವು ನಮ್ಮ ಮಕ್ಕಳ ವಿಷಯದಲ್ಲಿ ಮಾಡುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ. ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುವ ಮಕ್ಕಳಿಗೆ ನಮ್ಮ ಆಮಂತ್ರಣ ಪತ್ರಿಕೆಯ ಗ್ರಾಂಥಿಕ ಕನ್ನಡ ಕಲ್ಲಿನ ಬರಹದಂತೆಯೇ ಕಾಣುತ್ತದೆ, ಓದಿ ಹೇಳುವವರಿಲ್ಲದ ಕಲ್ಲು. ಈ ಲೇಖನವೂ ಅದೇ ಆರೋಪಕ್ಕೆ ಗುರಿಯಾಗಬಹುದು. ಆದ್ದರಿಂದ ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು. ಸಂಚಿಕೆಯನ್ನು ಕಪಾಟಿನಲ್ಲಿಡುವ ಮೊದಲು ಒಂದೆರಡು ಪುಟಗಳನ್ನು ಮಕ್ಕಳಿಗೆ ಓದಿ ಹೇಳಿರಿ. ಪದಾಧಿಕಾರಿಗಳು ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರವನ್ನು "ಓದಲಾಗಿದೆ ಎಂದು ಭಾವಿಸೋಣ" ಎನ್ನದೆ ನಿಜವಾಗಿಯೂ ಓದಲಿ. ಹಿಂದಿನ ಸಾಲಿನಲ್ಲಿ ಕುಳಿತವರು ಪ್ರಶ್ನೆ ಕೇಳಲಿ. ದೀಪಾವಳಿಗೆ ಮೊಮ್ಮಗ ಮತ್ತೆ ಬಂದಾಗ, ಸಮ್ಮೇಳನದಲ್ಲಿ ಏನು ಹೇಳಿದರೆಂದು ನಾವು ಅವನಿಗೆ ಹೇಳಬೇಕಾಗಿದೆ. ನೆನಪಿಲ್ಲ ಎನ್ನುವಂತಾಗಬಾರದು.